ಪ್ರತಿಕ್ರಿಯೆ: ರಾಯಲ್‌ಕ್ಯಾಮ್‌ನಲ್ಲಿ (ನ್ಯೂಜಿಲೆಂಡ್‌ನ ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಯ ಗೂಡನ್ನು ತೋರಿಸುವ ಲೈವ್ ಕ್ಯಾಮೆರಾ) ಆಲ್ಬಟ್ರಾಸ್ ಮರಿ ಒಂಟಿಯಾಗಿದೆ, ತಂದೆತಾಯಿ ಬಿಟ್ಟುಹೋದವೇ?

ಬಿಟ್ಟುಹೋಗಿರಲಿಕ್ಕಿಲ್ಲ, ಕಾವಲಿನ ಅವಧಿ ಮುಗಿದಿರಬೇಕು. ಮರಿ ಹೊರಬಂದದ್ದು ಜನವರಿ ಕೊನೆಗೆ, ಈಗ ಮಾರ್ಚ್ ನಡುಭಾಗ ಅಂದಿದ್ದೀರಿ. ಲೆಕ್ಕ ಸರಿಹೋಗುತ್ತದೆ. ಉತ್ತರದ ರಾಯಲ್ ಆಲ್ಬಟ್ರಾಸ್‌ಗಳು ಸುಮಾರು ಐದಾರು ವಾರ ಸರದಿಯಂತೆ ಮರಿಯ ಪಕ್ಕ ಕೂರುತ್ತವೆ. ಆಮೇಲೆ ಒಂದೇ ಹಕ್ಕಿ ತರುವ ಆಹಾರ ಸಾಲದು, ಎರಡೂ ಕಡಲಿಗೆ ಹೋಗುತ್ತವೆ. ಎರಡು ಮೂರು ದಿನ ಯಾರೂ ಕಾಣದಿರುವುದು ಮಾಮೂಲು.

ಮೊದಲು ಲೈವ್ ವಿಡಿಯೊವನ್ನು ಹಿಂದಕ್ಕೆಳೆದು ನೋಡಿ. ಮಾರ್ಚ್‌ನಲ್ಲಿ ನ್ಯೂಜಿಲೆಂಡ್ ನಮಗಿಂತ ಏಳೂವರೆ ಗಂಟೆ ಮುಂದಿರುತ್ತದೆ. ನೀವು ಸಂಜೆ ನೋಡುವಾಗ ಅಲ್ಲಿ ನಡುರಾತ್ರಿ ದಾಟಿರುತ್ತದೆ, ಹಗಲಲ್ಲಿ ಬಂದು ಉಣಿಸಿ ಹೋದದ್ದು ತಪ್ಪಿಹೋಗುತ್ತದೆ.

ಬಂದ ಹಕ್ಕಿಯ ಕಾಲಿನ ಬಣ್ಣದ ಪಟ್ಟಿಗಳನ್ನು ದಿನಾಂಕದೊಂದಿಗೆ ಬರೆದಿಡಿ. ಎರಡು ಬೇರೆ ಬೇರೆ ಬಣ್ಣದ ಜೋಡಣೆ ಕಂಡರೆ ತಂದೆತಾಯಿ ಎರಡೂ ಬರುತ್ತಿವೆ, ಚಿಂತೆಯಿಲ್ಲ. ವಾರಗಟ್ಟಲೆ ಒಂದೇ ಬರುತ್ತಿದ್ದರೆ, ಇನ್ನೊಂದು ದೂರ ಹೋಗಿದೆಯೋ ಲಾಂಗ್‌ಲೈನ್ ಹಡಗಿನ (ಉದ್ದ ಹಗ್ಗಕ್ಕೆ ಗಾಳ ಕಟ್ಟಿ ಮೀನು ಹಿಡಿಯುವ ಹಡಗು) ಗಾಳಕ್ಕೆ ಸಿಕ್ಕಿದೆಯೋ ವಿಡಿಯೊದಿಂದ ಹೇಳಲಾಗದು. ಹಾಗಾದರೂ ಮರಿ ಸತ್ತೇಹೋಗುತ್ತದೆ ಅಂತಲ್ಲ. ಈ ಗೂಡಿರುವ ಟೈಯರೋವಾ ಹೆಡ್‌ನಲ್ಲಿ ನ್ಯೂಜಿಲೆಂಡ್ ಸಂರಕ್ಷಣಾ ಇಲಾಖೆಯ ರೇಂಜರ್‌ಗಳು ಮರಿಗಳನ್ನು ನಿಯಮಿತವಾಗಿ ತೂಗುತ್ತಾರೆ, ತೂಕ ಕುಸಿದರೆ ಮೀನು ಉಣಿಸುತ್ತಾರೆ. ಬಿಸಿಲು ಹೆಚ್ಚಾದ ದಿನ ನೀರೂ ಸಿಂಪಡಿಸುತ್ತಾರೆ.

ಮರಿ ಗೂಡಿನಿಂದ ಸರಿದು ಕೂತರೂ, ಸತ್ತಂತೆ ಕತ್ತು ಚೆಲ್ಲಿ ನಿದ್ದೆ ಹೋದರೂ ಗಾಬರಿ ಬೇಡ (ಹೊಸಬರೆಲ್ಲ ಬೆಚ್ಚುವುದು ಇದಕ್ಕೇ). ಹಗಲಲ್ಲೂ ಗಂಟೆಗಟ್ಟಲೆ ಅಲುಗಾಡದೆ ಬಿದ್ದಿದ್ದರೆ ಅಥವಾ ನೊಣ ಮುತ್ತಿದ್ದರೆ, ಸ್ಕ್ರೀನ್‌ಶಾಟ್ ಮತ್ತು ನ್ಯೂಜಿಲೆಂಡ್ ಸಮಯದೊಂದಿಗೆ ಇಲಾಖೆಗೆ ಬರೆಯಿರಿ. ಹಾರುವುದು ಹೇಗೂ ಸೆಪ್ಟೆಂಬರ್ ಹೊತ್ತಿಗೆ, ಅಲ್ಲಿವರೆಗೆ ಇದೇ ಕಥೆ.