ಕೊತ್ತಂಬರಿ ಗಿಡ ಸರಿಯಾಗಿ ಸೊಪ್ಪು ಕೊಡುವ ಮೊದಲೇ ಹೂ ಬಿಡುವುದು ಯಾಕೆ?

ಮುಖ್ಯ ಕಾರಣ ಸೆಕೆ ಮತ್ತು ಉದ್ದ ಹಗಲು. ಕೊತ್ತಂಬರಿ ಒಂದೇ ಹಂಗಾಮಿನಲ್ಲಿ ಬದುಕು ಮುಗಿಸುವ ಗಿಡ. ಬಿಸಿಲು ಏರಿ ಹಗಲು ಉದ್ದವಾಯಿತೆಂದರೆ ಅದು ಎಲೆ ಬೆಳೆಸುವುದನ್ನು ಬಿಟ್ಟು, ಕಾಂಡ ಎತ್ತರಿಸಿ, ಹೂವು ಮತ್ತು ಬೀಜದ ಕಡೆ ತಿರುಗುತ್ತದೆ. ಆಮೇಲೆ ಬರುವ ಎಲೆಗಳು ದಾರದಂತೆ ಸಣ್ಣ, ರುಚಿಯೂ ಅಷ್ಟಕ್ಕಷ್ಟೆ. ಹೂ ಚಿವುಟಿದರೆ ಮತ್ತೆ ಮೊದಲಿನಂತೆ ಸೊಪ್ಪು ಬರುವುದಿಲ್ಲ, ಸುಮ್ನೆ ಶ್ರಮ.

ನೀರು ತಪ್ಪಿದರೂ, ಬೇರು ಕದಲಿದರೂ ಇದೇ ಗತಿ. ಇದರ ತಾಯಿಬೇರು ಆಳಕ್ಕಿಳಿಯುವಂಥದ್ದು, ಹಾಗಾಗಿ ಸಸಿ ಕಿತ್ತು ನೆಡಬೇಡಿ. ಕಾಳನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ (ಒಂದು ಕಾಳಿನೊಳಗೆ ಎರಡು ಬೀಜ ಇರುತ್ತವೆ) ನೇರವಾಗಿ ಬಿತ್ತಿ. ಮಧ್ಯಾಹ್ನ ನೆರಳು ಬೀಳುವ ಜಾಗ ಒಳ್ಳೆಯದು. 2–3 ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಬಿತ್ತುತ್ತಿದ್ದರೆ ಎಳೆ ಸೊಪ್ಪು ಸಿಗುತ್ತಲೇ ಇರುತ್ತದೆ.

ಅಡುಗೆಯಲ್ಲೂ ಇದಕ್ಕೆ ಬಿಸಿ ಆಗದು. ಎಲೆಯ ಘಮ ಇರುವುದು ಬೇಗ ಆವಿಯಾಗುವ ಎಣ್ಣೆಯಲ್ಲಿ. ಕುದಿಸಿದರೆ ಹಾರಿಹೋಗುತ್ತದೆ, ಒಲೆ ಆರಿಸಿದ ಮೇಲೆ ಹಾಕಿ. ಎಳೆ ದಂಟನ್ನು ಮಾತ್ರ ಬಿಸಾಡಬೇಡಿ. ಅದರಲ್ಲೂ ಒಳ್ಳೆಯ ಘಮ ಇದೆ, ರುಬ್ಬುವುದಕ್ಕೆ ಹೇಳಿ ಮಾಡಿಸಿದಂತಿರುತ್ತದೆ.