ಹದಿನೆಂಟಕ್ಕೆ ನಿಂತ ಕರೆಂಟ್

(ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಅವರಿಗೆ 54 ವರ್ಷ, ಲಾರಿ ಓಡಿಸುತ್ತಿದ್ದರು. ಗಂಟಲಿನ ಕ್ಯಾನ್ಸರ್. ಡಾಕ್ಟರ್ ಬರೆದಿದ್ದು 35 ಸಿಟ್ಟಿಂಗ್ ರೇಡಿಯೇಷನ್, ಅಂದರೆ ಜನ ‘ಕರೆಂಟ್’ ಅನ್ನುವ ಕಿರಣ ಚಿಕಿತ್ಸೆ: ದಿನಕ್ಕೆ 2 ಗ್ರೇ (ಕಿರಣದ ಅಳತೆ), ವಾರಕ್ಕೆ ಐದು ದಿನ, ಒಟ್ಟು 70 ಗ್ರೇ. 18 ಮುಗಿಸಿ ಮನೆಯಲ್ಲೇ ಕೂತುಬಿಟ್ಟರು. ಮೂರನೇ ದಿನ ಹೆಂಡತಿ ನನ್ನ ಹತ್ತಿರ ಕರೆದುಕೊಂಡು ಬಂದರು.

"ಗಡ್ಡೆಗಿಂತ ಕರೆಂಟೇ ನನ್ನ ಸುಡ್ತಿದೆ ಮೇಡಂ. ಹುಣ್ಣು ಮಾಯ್ಲಿ, ಆಮೇಲೆ ಬರ್ತೀನಿ" ಎಂದರು. ಅಷ್ಟು ಹೇಳಲೂ ಕಷ್ಟಪಟ್ಟರು. ಎರಡು ದಿನದಿಂದ ಗಂಜಿಯೂ ಇಳಿದಿರಲಿಲ್ಲ. ಇದನ್ನು ಹಟ ಅನ್ನಬಾರದು. ಆ ನೋವು ನಿಜವಾದದ್ದು.

ನಾನು ಹೇಳಿದ್ದು ಇಷ್ಟು: "ಅಣ್ಣಾ, ಕಿರಣ ಗಡ್ಡೆಗೂ ಬೀಳುತ್ತೆ, ಅದರ ಸುತ್ತ ಇರುವ ಒಳ್ಳೆಯ ಭಾಗಕ್ಕೂ ಬೀಳುತ್ತೆ. ಎರಡರ ಜೀವಕೋಶದಲ್ಲೂ ಡಿಎನ್‌ಎ ತುಂಡಾಗುತ್ತೆ. ಒಳ್ಳೆಯ ಕೋಶ ಕೆಲವು ಗಂಟೆಗಳಲ್ಲಿ ಅದನ್ನು ಬಹುಪಾಲು ರಿಪೇರಿ ಮಾಡಿಕೊಳ್ಳುತ್ತೆ. ಕ್ಯಾನ್ಸರ್ ಕೋಶಕ್ಕೆ ಅಷ್ಟು ಚೆನ್ನಾಗಿ ಆಗಲ್ಲ. ಅದಕ್ಕೇ ದಿನಾ ಸ್ವಲ್ಪ ಸ್ವಲ್ಪ ಕೊಡೋದು. ಪೆಟ್ಟು ತಿಂದ ಕೋಶ ಅವತ್ತೇ ಸಾಯಲ್ಲ. ಒಂದು ಎರಡಾಗಲು ಹೋದಾಗ ಸಾಯುತ್ತೆ. ಗಡ್ಡೆ ಕರಗಲು ತಡವಾಗೋದು ಅದಕ್ಕೇ."

"ಹಾಗಾದ್ರೆ ಬಾಯಿ ಯಾಕೆ ಹುಣ್ಣಾಗ್ಬೇಕು?"

ಬಾಯಿಯ ಒಳಪದರ ಬೇಗ ಬೇಗ ಹೊಸದಾಗುತ್ತಿರುತ್ತದೆ, ಹಾಗಾಗಿ ಅದಕ್ಕೂ ಪೆಟ್ಟು ಜಾಸ್ತಿ. ಎರಡು ಮೂರನೇ ವಾರಕ್ಕೆ ಹುಣ್ಣು ಕಾಣಿಸಿಕೊಳ್ಳುವುದು ಇದಕ್ಕೇ. ಅದೇ ಗುಣದಿಂದ, ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ಮಾಯುತ್ತದೆ ಕೂಡ. ಆದರೆ ಉಳಿದ ಕ್ಯಾನ್ಸರ್ ಕೋಶಗಳು ಚಿಕಿತ್ಸೆ ಶುರುವಾಗಿ ಮೂರು ನಾಲ್ಕು ವಾರ ಕಳೆದ ಮೇಲೆ ಮೊದಲಿಗಿಂತ ಜೋರಾಗಿ ಹೆಚ್ಚುತ್ತವೆ. "ಬಾಯಿಗೆ ಕೊಟ್ಟ ರಜೆ ಗಡ್ಡೆಗೂ ಸಿಗುತ್ತಲ್ವಾ ಅಣ್ಣಾ?" ಎಂದೆ. ತುಂಬಾ ಹೊತ್ತು ಸುಮ್ಮನಿದ್ದರು.

ಅವರ ನಿಜವಾದ ಭಯ ಆಮೇಲೆ ಹೊರಬಂತು. ಮೂಗಿನ ಕೊಳವೆ. ಪಕ್ಕದ ಬೆಡ್‌ನವರಿಗೆ ಅದನ್ನು ಹಾಕಿದ ಮೇಲೆ ಅವರು ಉಳಿಯಲಿಲ್ಲವಂತೆ. ಕೊಳವೆ ಅಂದರೆ ಕೊನೆಗಾಲ ಅಲ್ಲ, ಹುಣ್ಣು ಮಾಯುವವರೆಗೆ ಊಟ ಹೋಗುವ ಇನ್ನೊಂದು ದಾರಿ ಎಂದು ಬಿಡಿಸಿ ಹೇಳಿದೆ. ನೋವಿಗೆ ಇನ್ನೂ ಗಟ್ಟಿ ಔಷಧಿ ಇದೆ, ಬಾಯಿಬಿಟ್ಟು ಕೇಳಿ ಎಂದೆ. ತಪ್ಪಿದ ದಿನಗಳನ್ನು ಹೇಗೆ ಸರಿದೂಗಿಸಬೇಕು ಅನ್ನುವುದು ಡಾಕ್ಟರ್ ಲೆಕ್ಕ, ಇವತ್ತೇ ಹೋಗಿ ಎಂದೆ. ಬೀಡಿ ಬಿಡಲೇಬೇಕಿತ್ತು. ಕಿರಣ ಚೆನ್ನಾಗಿ ಕೆಲಸ ಮಾಡಲು ಗಡ್ಡೆಗೆ ಆಮ್ಲಜನಕ ತಲುಪಬೇಕು, ಹೊಗೆ ಅದನ್ನು ಕಡಿಮೆ ಮಾಡುತ್ತದೆ.

ಹೆಂಡತಿ ಬಾಗಿಲ ಹತ್ತಿರ ನಿಂತು ಮೆಲ್ಲಗೆ ಕೇಳಿದರು: "ಮೊಮ್ಮಗೂನ ತೊಡೆ ಮೇಲೆ ಕೂರಿಸ್ಕೋಬಹುದಾ?" ಧಾರಾಳವಾಗಿ. ಹೊರಗಿನ ಮಷೀನಿನಿಂದ ಕೊಡುವ ಕಿರಣ ಮೈಯಲ್ಲಿ ಉಳಿಯುವುದಿಲ್ಲ.

ಅವತ್ತೇ ಹೋದರು. ಕೊಳವೆ ಹಾಕಿಸಿಕೊಂಡು 35 ಮುಗಿಸಿದರು. ಆರು ವಾರದ ನಂತರ ಬಂದಾಗ ಹುಣ್ಣು ಮಾಯ್ದಿತ್ತು, ಬಾಯಿ ಮಾತ್ರ ಒಣಗಿತ್ತು. ಜೊಲ್ಲು ಪೂರ್ತಿ ಮೊದಲಿನಂತಾಗದೇ ಇರಬಹುದು ಅನ್ನುವುದನ್ನು ಮುಚ್ಚಿಡಲಿಲ್ಲ. ರೇಡಿಯೇಷನ್ ಡಾಕ್ಟರಿಗೆ ಹೇಳದೆ ಹಲ್ಲು ಕೀಳಿಸಬೇಡಿ, ದವಡೆ ಮೂಳೆ ಮಾಯುವುದು ಕಷ್ಟ ಎಂದೂ ಹೇಳಿದೆ. ಸ್ಕ್ಯಾನ್ ಬೇಗ ಮಾಡಿಸಿದರೆ ಊತವೂ ಕ್ಯಾನ್ಸರ್‌ನಂತೆ ಕಾಣಬಹುದು. ಅದಕ್ಕೆ ಇನ್ನೂ ಆರು ವಾರ ಕಾಯಬೇಕಿತ್ತು.