ಗಾಲಿ ಯಾಕೆ ಬೇಗ ಸವೆಯುತ್ತವೆ?

ಪ್ರಶ್ನೆ: 11 ವರ್ಷದ ಮಗಳು ಹುಬ್ಬಳ್ಳಿಯಲ್ಲಿ ಇನ್‌ಲೈನ್ ಹಾಕಿ (ಒಂದೇ ಸಾಲಿನ ಗಾಲಿಗಳ ಸ್ಕೇಟ್ ಕಟ್ಟಿಕೊಂಡು ಆಡುವ ಹಾಕಿ) ಆಡುತ್ತಾಳೆ. ಎರಡೇ ತಿಂಗಳಲ್ಲಿ ಗಾಲಿ ಸವೆದು ಕರಕರ ಅಂತಾವ್ರೀ. ಸೀಸನ್ ಮುಗಿಯೋ ತನಕ ಬಾಳಿಕೆ ಬರೋದು ಹೆಂಗ? ಮುಂದೆ ಐಸ್ ಹಾಕಿಗೆ ಇದು ನೆರವಾಗುತ್ತದೆಯೇ?
– ಒಬ್ಬ ತಾಯಿ, ವಿದ್ಯಾನಗರ

ಉತ್ತರ: ಗಾಲಿಯ ಮೇಲೆ 76ಎ ಅಂತೇನಾದರೂ ಬರೆದಿದೆಯೇ, ನೋಡಿ. ಇದು ಗಡಸುತನದ ಅಂಕಿ, ಹೆಚ್ಚಿದಷ್ಟೂ ಗಾಲಿ ಗಟ್ಟಿ. 76ಎ ಅಂದರೆ ನುಣುಪು ಒಳಾಂಗಣದ ಮೆತ್ತನೆ ಗಾಲಿ. ಒರಟು ಕಾಂಕ್ರೀಟಿನ ಮೇಲೆ ಅಳಿಸುವ ರಬ್ಬರಿನಂತೆ ಉದುರುತ್ತದೆ. ಹೊರಗೆ ಆಡಲು 82ಎ ಅಥವಾ ಅದಕ್ಕಿಂತ ಗಟ್ಟಿಯದೇ ಬೇಕು. ಸವೆತ ಒಳಬದಿಗೇ ಹೆಚ್ಚು. ಆದ್ದರಿಂದ ಎರಡು ವಾರಕ್ಕೊಮ್ಮೆ ಎಡಗಾಲಿನವನ್ನು ಬಲಗಾಲಿಗೆ ಹಾಕಿ, ಸವೆದ ಬದಿ ಹೊರಗೆ ಬರಲಿ.

ಕರಕರ ಸದ್ದು ಬೇರಿಂಗಿನದು. ಗಾಲಿಗೆ ಎರಡರಂತೆ ಎಂಟು ಗಾಲಿಗೆ 16. ಎರೆಮಣ್ಣಿನ ಧೂಳು ಎಣ್ಣೆಗೆ ಅಂಟಿ ಅರೆಯುವ ಕಲ್ಲಿನಂತಾಗುತ್ತದೆ. ನೀರಲ್ಲಿ ಮಾತ್ರ ತೊಳೆಯಬೇಡಿ, ತುಕ್ಕು ಹಿಡಿಯುತ್ತದೆ. ಬೇರಿಂಗಿನ ಮುಚ್ಚಳ ಬಿಚ್ಚಿ, ಒಲೆಯಿಂದ ದೂರ ಸೀಮೆಎಣ್ಣೆಯಲ್ಲಿ ಅಲುಗಾಡಿಸಿ, ಪೂರ್ತಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಎರಡೇ ಹನಿ ಬಿಡಿ. ಹೆಚ್ಚಾದರೆ ಮತ್ತೆ ಧೂಳಿಗೆ ಆಹ್ವಾನ. ಗಾಲಿ ಜೋಡಿಸುವಾಗ ಎರಡು ಬೇರಿಂಗ್ ನಡುವಿನ ಕೊಳವೆ ಮರೆಯಬೇಡಿ. ಮರೆತರೆ ಬೋಲ್ಟ್ ಬಿಗಿದಂತೆ ಗಾಲಿಯೇ ಬಿಗಿಯುತ್ತದೆ.

ಐಸ್ ಹಾಕಿಗೆ ಓಟ, ಪಾಸ್, ಕೋಲು ಹಿಡಿಯುವ ಕೈ ನೆರವಾಗುತ್ತವೆ. ನಿಲ್ಲುವುದೇ ಬೇರೆ: ಬ್ಲೇಡ್ ಅಡ್ಡ ಹಾಕಿದರೆ ಐಸ್ ಕೆರೆದು ನಿಲ್ಲುತ್ತದೆ, ಕಾಂಕ್ರೀಟಿನ ಮೇಲೆ ಗಾಲಿ ಹಾಗೆ ಅಡ್ಡ ಮಾಡಿದರೆ ಕಚ್ಚಿ ಬೀಳಿಸುತ್ತದೆ. ಇನ್‌ಲೈನ್‌ನಲ್ಲಿ ಗೋಲ್‌ಕೀಪರ್ ಬಿಟ್ಟು ನಾಲ್ವರು, ಐಸ್‌ನಲ್ಲಿ ಐವರು. ಲಡಾಖ್‌ನ ನೈಸರ್ಗಿಕ ಐಸ್ ಮೇಲಿನ ಆಟವೂ ಚಳಿಗಾಲದ ಕೆಲವೇ ವಾರ. ಹಾಗಾಗಿ ನಿಮ್ಮ ಊರಲ್ಲಿ ವರ್ಷವಿಡೀ ಕಲಿಯಲು ಗಾಲಿಯೇ ಗತಿ.